ಲೋಹದ ಗಣಿಯ ಆಮ್ಲ ನೀರು: ತಡೆಯುವ, ತಿಳಿಗೊಳಿಸುವ, ನೆಲ ಮರಳಿ ಪಡೆಯುವ ಕ್ರಮ

“ಹಳೆಯ ಗಣಿಯ ಬಾಯಿಂದ ಕೆಂಪು ನೀರು ಬರುತ್ತಿದೆ, ಎಷ್ಟು ಸುಣ್ಣ ಹಾಕಬೇಕು?” ಈ ವಿಷಯದಲ್ಲಿ ಓದುಗರು ಕೇಳುವುದು ಹೆಚ್ಚಾಗಿ ಇದನ್ನೇ. ಸುಣ್ಣದ ಲೆಕ್ಕ ಐದನೇ ಹಂತದಲ್ಲಿದೆ. ಅದನ್ನು ಅಷ್ಟು ಕೆಳಗೆ ಇಟ್ಟದ್ದು ಬೇಕೆಂದೇ. ಗಾಳಿ ಮತ್ತು ನೀರು ಕಲ್ಲನ್ನು ಮುಟ್ಟುವ ಜಾಗದಲ್ಲಿ ತಡೆ ಹಾಕದೆ, ಹರಿದು ಬಂದ ನೀರಿಗೆ ಸುಣ್ಣ ಸುರಿಯುತ್ತ ಕೂತರೆ ಆ ಕೆಲಸ ತಲೆಮಾರು ಕಳೆದರೂ ಮುಗಿಯುವುದಿಲ್ಲ. ಮೇಲೆ ಒಂದು ಪಾಲು ತಡೆದರೆ ಕೆಳಗೆ ಅಷ್ಟು ಸುಣ್ಣವೂ ಉಳಿಯಿತು, ಅಷ್ಟು ಕೆಸರೂ ಉಳಿಯಿತು.

ಆಮ್ಲ ಹುಟ್ಟುವ ಬಗೆ

ತಾಮ್ರ, ಸತು, ಸೀಸ, ಚಿನ್ನದ ಅದಿರಿನ ಜೊತೆ ಸಾಮಾನ್ಯವಾಗಿ ಪೈರೈಟ್ ಇರುತ್ತದೆ. ಇದು ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದಂತೆ ಹೊಳೆಯುವ ಖನಿಜ. ನೆಲದಡಿ ಗಾಳಿ ತಾಗದೆ ಇದ್ದಷ್ಟು ದಿನ ಇದರಿಂದ ತೊಂದರೆಯಿಲ್ಲ. ಅಗೆದು ಪುಡಿ ಮಾಡಿ ಹೊರಗೆ ರಾಶಿ ಹಾಕಿದಾಗ ಆಮ್ಲಜನಕ ಮತ್ತು ನೀರು ಸೇರಿ ಗಂಧಕಾಮ್ಲ ಹುಟ್ಟುತ್ತದೆ. ಪಿಎಚ್ (ನೀರಿನ ಆಮ್ಲತೆಯ ಅಳತೆ; 7 ಇದ್ದರೆ ಸಮ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 4ಕ್ಕಿಂತ ಕೆಳಗಿಳಿದರೆ ಆಟವೇ ಬೇರೆ. ನೀರಿನಲ್ಲಿ ಕರಗಿದ ಫೆರಸ್ ಕಬ್ಬಿಣವನ್ನು ಕೆಲವು ಬ್ಯಾಕ್ಟೀರಿಯಾಗಳು ಬಹಳ ವೇಗವಾಗಿ ಫೆರಿಕ್ ಕಬ್ಬಿಣವಾಗಿಸುತ್ತವೆ (ಆಮ್ಲಜನಕದಿಂದ ಬದಲಾದ ಕಬ್ಬಿಣದ ಇನ್ನೊಂದು ರೂಪ), ಆ ಫೆರಿಕ್ ಕಬ್ಬಿಣವೇ ಹೊಸ ಪೈರೈಟನ್ನು ತಿನ್ನತೊಡಗುತ್ತದೆ. ಒಮ್ಮೆ ಈ ಚಕ್ರ ತಿರುಗತೊಡಗಿದರೆ ನಿಲ್ಲಿಸುವುದು ಕಷ್ಟ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 3.6 ಪಿಎಚ್ ಇರುವ ನೀರು ಸಿಕ್ಕಿದೆ.

ಬಣ್ಣದಿಂದ ಸ್ವಲ್ಪ ಅಂದಾಜು ಸಿಗುತ್ತದೆ: ಕೇಸರಿ ಹೂಳಿದ್ದರೆ ಕಬ್ಬಿಣ, ಬಿಳಿ ಇದ್ದರೆ ಅಲ್ಯೂಮಿನಿಯಂ, ನೀಲಿ-ಹಸಿರು ಇದ್ದರೆ ತಾಮ್ರ, ಕಪ್ಪು ಲೇಪವಿದ್ದರೆ ಮ್ಯಾಂಗನೀಸ್. ಆದರೆ ತಿಳಿಯಾಗಿ ಕಂಡ ನೀರನ್ನು ನಂಬಬೇಡಿ. ಪಿಎಚ್ ತೀರಾ ಕಡಿಮೆಯಿದ್ದಾಗ ಲೋಹವೆಲ್ಲ ಕರಗಿಯೇ ಇರುವುದರಿಂದ ನೀರು ತಿಳಿಯಾಗಿರಬಹುದು. ಪಿಎಚ್ 7 ಇದ್ದರೂ ಸತು, ಆರ್ಸೆನಿಕ್ ಕರಗಿ ಬರುವುದುಂಟು.

ಬೇಕಾಗುವ ಸಾಮಾನು

ಪಿಎಚ್ ಮೀಟರ್ ಮತ್ತು ಅದನ್ನು ಸರಿಹೊಂದಿಸಲು 4 ಮತ್ತು 7ರ ಬಫರ್ ದ್ರಾವಣ, ವಿದ್ಯುತ್ ವಾಹಕತೆಯ ಮೀಟರ್, ಕರಗಿದ ಆಮ್ಲಜನಕದ ಮೀಟರ್, 0.45 ಮೈಕ್ರಾನ್ ಫಿಲ್ಟರ್, ನೈಟ್ರಿಕ್ ಆಮ್ಲ, ಶುದ್ಧ ಬಾಟಲಿಗಳು, 90 ಡಿಗ್ರಿಯ ‘ವಿ’ ಆಕಾರದ ಕಚ್ಚು ಕತ್ತರಿಸಿದ ತಗಡು, ಹಳೆಯ ಗಣಿ ನಕ್ಷೆಗಳು. ಇವುಗಳ ಜೊತೆಗೆ ಗಾಳಿಯಲ್ಲಿನ ಆಮ್ಲಜನಕ ಅಳೆಯುವ ಮೀಟರ್ ಇಲ್ಲದೆ ಹೊರಡಲೇಬೇಡಿ.

ಕಾರಣ ಇಷ್ಟೇ: ಪೈರೈಟ್ ಸುತ್ತಲಿನ ಗಾಳಿಯ ಆಮ್ಲಜನಕವನ್ನೆಲ್ಲ ಹೀರುತ್ತದೆ. ಕೆನಡಾದ ಸಲಿವನ್ ಗಣಿಯಲ್ಲಿ 2006ರ ಮೇ ತಿಂಗಳಲ್ಲಿ, ತ್ಯಾಜ್ಯ ಕಲ್ಲಿನ ರಾಶಿಯ ಬುಡದಲ್ಲಿದ್ದ ನೀರಿನ ಮಾದರಿ ತೆಗೆಯುವ ಸಣ್ಣ ಶೆಡ್‌ನೊಳಗೆ ನಾಲ್ವರು ಸತ್ತರು. ಅವರಲ್ಲಿ ಇಬ್ಬರು ರಕ್ಷಣೆಗೆ ಬಂದ ತುರ್ತು ಚಿಕಿತ್ಸಾ ಸಿಬ್ಬಂದಿ. ರಾಶಿಯಿಂದ ಹೊರಬಿದ್ದ, ಆಮ್ಲಜನಕ ತೀರಿಹೋದ ಗಾಳಿ ಅಲ್ಲಿ ತುಂಬಿಕೊಂಡಿತ್ತು. ಸುರಂಗ, ಗುಂಡಿ, ಮುಚ್ಚಿದ ಶೆಡ್ ಯಾವುದೇ ಇರಲಿ, ಮೀಟರ್ ಕನಿಷ್ಠ 19.5% ಆಮ್ಲಜನಕ ತೋರಿಸದಿದ್ದರೆ ಒಳಗೆ ಕಾಲಿಡಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹಾಗೇ ನುಗ್ಗಲೂಬೇಡಿ.

1. ನೀರು ಎಲ್ಲಿಂದ, ಎಷ್ಟು

ಸುರಂಗದ ಬಾಯಿ, ರಾಶಿಯ ಬುಡ, ಟೇಲಿಂಗ್ಸ್ ಕಟ್ಟೆ (ಅದಿರನ್ನು ಅರೆದು ಲೋಹ ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರಿನ ಕೊಳ), ಹಳ್ಳದ ಮೇಲ್ಭಾಗ ಮತ್ತು ಕೆಳಭಾಗ: ಇಷ್ಟೂ ಕಡೆ ಅಳತೆಯ ಜಾಗ ಗುರುತು ಮಾಡಿ. ಕನಿಷ್ಠ ಒಂದು ವರ್ಷ, ಮಳೆಗಾಲ ಮತ್ತು ಬೇಸಿಗೆ ಎರಡೂ ಸೇರುವಂತೆ ಅಳೆಯಿರಿ.

ಹರಿವು ಅಳೆಯಲು ‘ವಿ’ ಕಚ್ಚಿನ ತಗಡನ್ನು ಹರಿವಿಗೆ ಅಡ್ಡ ನಿಲ್ಲಿಸಿ, ಬದಿಯಲ್ಲಿ ಸೋರದಂತೆ ಜೇಡಿಮಣ್ಣು ಮೆತ್ತಿ. ಕಚ್ಚಿನ ತುದಿಯಿಂದ ನೀರಿನ ಎತ್ತರ 5 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂ.ಮೀ. ಇದ್ದರೆ 4.4 ಲೀಟರ್, 15 ಸೆಂ.ಮೀ. ಇದ್ದರೆ 12 ಲೀಟರ್. ಎತ್ತರವನ್ನು ಕಚ್ಚಿನಲ್ಲೇ ಅಳೆದರೆ ತಪ್ಪು ಬರುತ್ತದೆ, ಅಲ್ಲಿ ನೀರು ಆಗಲೇ ಬಾಗಿರುತ್ತದೆ. ಆ ಎತ್ತರದ ನಾಲ್ಕು ಪಟ್ಟು ಹಿಂದೆ, ನೀರು ಸಮವಾಗಿರುವ ಕಡೆ ಅಳೆಯಿರಿ.

ಪಿಎಚ್ ಅನ್ನು ಸ್ಥಳದಲ್ಲೇ ನೋಡಬೇಕು. ಬಾಟಲಿಯಲ್ಲಿ ಒಯ್ಯುವಷ್ಟರಲ್ಲಿ ಫೆರಸ್ ಕಬ್ಬಿಣ ಗಾಳಿ ತಾಗಿ ಹೂಳಾಗುತ್ತದೆ, ಪಿಎಚ್ ಇಳಿಯುತ್ತದೆ. ಕರಗಿದ ಲೋಹದ ಮಾದರಿಯನ್ನು ಮೊದಲು ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಈ ಕ್ರಮ ತಿರುಗುಮುರುಗಾದರೆ ಮಣ್ಣಿನ ಕಣಗಳಲ್ಲಿದ್ದ ಲೋಹವೂ ಕರಗಿ ಲೆಕ್ಕಕ್ಕೆ ಸೇರುತ್ತದೆ.

ಒಂದು ಅಳತೆಯನ್ನು ಮಾತ್ರ ತಪ್ಪಿಸಲೇಬೇಡಿ: ಬೇಸಿಗೆ ಮುಗಿದ ಮೇಲಿನ ಮೊದಲ ದೊಡ್ಡ ಮಳೆಯದು. ಒಣಹವೆಯಲ್ಲಿ ಕಲ್ಲಿನ ಮೇಲೆ ಬಿಳಿ, ಹಳದಿ, ತಿಳಿಹಸಿರು ಉಪ್ಪು ಮೂಡುತ್ತದೆ. ಆಮ್ಲವನ್ನೂ ಲೋಹವನ್ನೂ ಹಿಡಿದಿಟ್ಟ ಆ ಉಪ್ಪು ಮೊದಲ ಮಳೆಗೆ ಒಟ್ಟಿಗೇ ಕರಗಿ ಇಳಿಯುತ್ತದೆ. ಹಳ್ಳದಲ್ಲಿ ಮೀನು ಸಾಯುವುದು ಹೆಚ್ಚಾಗಿ ಆಗಲೇ. ಬೇಸಿಗೆಯ ಅಳತೆ ಹಿಡಿದು ಕಟ್ಟಿದ ಸ್ಥಾವರ ಆ ದಿನ ಕೈಕೊಡುತ್ತದೆ.

2. ಯಾವ ಕಲ್ಲು ಆಮ್ಲ ಬಿಡುತ್ತದೆ

ಇದಕ್ಕೆ ಆಮ್ಲ-ಕ್ಷಾರ ಲೆಕ್ಕ ಮಾಡಬೇಕು. ಕಲ್ಲಿನಲ್ಲಿ ಆಮ್ಲ ಹುಟ್ಟಿಸುವ ಶಕ್ತಿ ಎಷ್ಟು, ಅದನ್ನು ತಣಿಸುವ ಶಕ್ತಿ ಎಷ್ಟು ಎಂದು ತೂಗಿ ನೋಡುವುದೇ ಈ ಲೆಕ್ಕ. ಸಲ್ಫೈಡ್ ರೂಪದ ಗಂಧಕದ ಶೇಕಡಾವಾರನ್ನು 31.25ರಿಂದ ಗುಣಿಸಿ. ಒಂದು ಟನ್ ಕಲ್ಲು ಬಿಡುವ ಆಮ್ಲ ತಣಿಸಲು ಎಷ್ಟು ಕಿಲೋ ಸುಣ್ಣಕಲ್ಲು ಬೇಕೆಂಬುದು ಸಿಗುತ್ತದೆ. ಉದಾಹರಣೆಗೆ 2% ಗಂಧಕಕ್ಕೆ 62.5 ಕಿಲೋ. ಅದೇ ಕಲ್ಲಿನ ತಣಿಸುವ ಶಕ್ತಿ ಟನ್ನಿಗೆ 40 ಕಿಲೋ ಇದ್ದರೆ ಅನುಪಾತ 0.64. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ಆಮ್ಲ ಬರುತ್ತದೆಂದೇ ಹಿಡಿಯಿರಿ, 2ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ನಡುವಿನದ್ದಕ್ಕೆ ಆರ್ದ್ರತಾ ಕೋಶದ ಪರೀಕ್ಷೆ ಬೇಕು. ಒಂದು ಕಿಲೋ ಪುಡಿಗಲ್ಲಿಗೆ ವಾರದಲ್ಲಿ ಮೂರು ದಿನ ಒಣಗಾಳಿ, ಮೂರು ದಿನ ತೇವದ ಗಾಳಿ ಊದಿ, ಏಳನೇ ದಿನ ನೀರಿನಲ್ಲಿ ತೊಳೆದು ಆ ನೀರನ್ನು ಪರೀಕ್ಷಿಸುವುದು. ಕನಿಷ್ಠ 20 ವಾರ, ಹಲವೊಮ್ಮೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಅವಸರವಿದ್ದವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಆಮೇಲೆ ಇಡೀ ರಾಶಿಯನ್ನು ಎತ್ತಿ ಹಾಕುವ ಕೆಲಸ ಬೀಳುತ್ತದೆ.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಟ್ಟು ಗಂಧಕವನ್ನೇ ಹಿಡಿದರೆ ಜಿಪ್ಸಂನಲ್ಲಿರುವ ನಿರುಪದ್ರವಿ ಗಂಧಕವೂ ಸೇರಿ ಆಮ್ಲ ಹೆಚ್ಚಾಗಿ ಕಾಣುತ್ತದೆ. ಕಲ್ಲಿನಲ್ಲಿ ಸಿಡರೈಟ್ ಎಂಬ ಕಬ್ಬಿಣದ ಕಾರ್ಬೊನೇಟ್ ಇದ್ದರೆ ಪರೀಕ್ಷೆಯಲ್ಲಿ ಅದು ಆಮ್ಲ ತಣಿಸಿದಂತೆ ತೋರಿ, ಬಯಲಿನಲ್ಲಿ ತಣಿಸುವುದೇ ಇಲ್ಲ. ಈ ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಕೆಟ್ಟ ಕಲ್ಲನ್ನು ಒಳ್ಳೆಯದೆಂದು ರಸ್ತೆಗೂ ಕಟ್ಟೆಗೂ ಬಳಸಿಬಿಡುತ್ತಾರೆ.

3. ಒಳ್ಳೆಯ ನೀರನ್ನು ದೂರ ಇಡಿ

ಖರ್ಚು ಕಡಿಮೆ, ಫಲ ಹೆಚ್ಚು ಎಂದರೆ ಈ ಹಂತವೇ. ರಾಶಿಯ ಮೇಲ್ಬದಿಗೆ ಅಡ್ಡಗಾಲುವೆ ತೋಡಿ ಗುಡ್ಡದಿಂದ ಇಳಿಯುವ ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ. ಕಾಲುವೆಯ ತಳಕ್ಕೆ ಜೇಡಿಮಣ್ಣು ಅಥವಾ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ಇಲ್ಲದಿದ್ದರೆ ನೀರು ಅಲ್ಲೇ ಇಂಗಿ ರಾಶಿಯ ಬುಡಕ್ಕೇ ಹೋಗುತ್ತದೆ. ಮೇಲ್ಮೈಯಲ್ಲಿ ನೆಲ ಕುಸಿದ ಗುಂಡಿ, ತೆರೆದ ಬಾವಿಯಂಥ ಬಾಯಿಗಳಿದ್ದರೆ ಮುಚ್ಚಿ, ಸುತ್ತ ಬದು ಹಾಕಿ.

ಸುರಂಗದ ಬಾಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಒಳಗೆ ನೀರು ಏರುತ್ತದೆ, ಒತ್ತಡ ಬೆಳೆಯುತ್ತದೆ, ಬೇರೊಂದು ಬಿರುಕಿನಿಂದ ಹೊರಬರುತ್ತದೆ ಅಥವಾ ತಡೆಯೇ ಒಡೆಯುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ತವರದ ಗಣಿ 1991ರಲ್ಲಿ ನಿಂತಿತು. 1992ರ ಜನವರಿಯಲ್ಲಿ ಸುರಂಗದ ತಡೆ ಒಡೆದು ಆಮ್ಲ ನೀರು ನದಿಮುಖವನ್ನೆಲ್ಲ ಕೇಸರಿ ಮಾಡಿತು. ಅಮೆರಿಕದ ಕೊಲರಾಡೊದ ಗೋಲ್ಡ್ ಕಿಂಗ್ ಗಣಿಯಲ್ಲಿ 2015ರ ಆಗಸ್ಟ್ 5ರಂದು ಬಾಯಿಗೆ ಬಿದ್ದಿದ್ದ ಮಣ್ಣನ್ನು ತೆಗೆಯುವಾಗ ಹಿಂದೆ ನಿಂತಿದ್ದ ನೀರು ನುಗ್ಗಿ, ಸುಮಾರು 1.1 ಕೋಟಿ ಲೀಟರ್ ಅನಿಮಾಸ್ ನದಿ ಸೇರಿತು. ಕುಸಿದು ಮುಚ್ಚಿದ ಬಾಯಿಯ ಹಿಂದೆ ನೀರಿದೆ ಎಂದೇ ತಿಳಿಯಿರಿ. ಜೆಸಿಬಿ ತರುವ ಮೊದಲು ಮೇಲಿನಿಂದ ಕೊಳವೆ ಕೊರೆದು ಒಳಗಿನ ನೀರಿನ ಮಟ್ಟ ಅಳೆಯಿರಿ.

4. ಕಲ್ಲಿಗೆ ಗಾಳಿ ತಾಗದಂತೆ ಮಾಡಿ

ನೀರಿನೊಳಗೆ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಟೇಲಿಂಗ್ಸ್ ಮೇಲೆ ಸದಾ 1ರಿಂದ 2 ಮೀಟರ್ ನೀರು ನಿಲ್ಲಿಸಿದರೆ, ಅಥವಾ ಕೆಟ್ಟ ಕಲ್ಲನ್ನು ಹಳೆಯ ಗುಂಡಿಗೆ ಹಾಕಿ ಮುಳುಗಿಸಿದರೆ ಆಮ್ಲ ಬಹುಪಾಲು ನಿಲ್ಲುತ್ತದೆ. ಇದಕ್ಕೆ ವರ್ಷವಿಡೀ ನೀರು ಆವಿಯಾಗಿ ಹೋಗುವುದಕ್ಕಿಂತ ಹೆಚ್ಚು ಬರುವ ಜಾಗವೂ, ಯಾವ ಕಾಲಕ್ಕೂ ಒಡೆಯದ ಕಟ್ಟೆಯೂ ಬೇಕು. ಹಲವು ವರ್ಷ ಬಿಸಿಲಿಗೆ ಬಿದ್ದ ಕಲ್ಲನ್ನು ಹಾಗೇ ಮುಳುಗಿಸಬೇಡಿ. ಅದರ ಮೈಯಲ್ಲಿರುವ ಉಪ್ಪೆಲ್ಲ ಒಮ್ಮೆಲೇ ಕರಗಿ ಗುಂಡಿಯ ನೀರೇ ಆಮ್ಲವಾಗುತ್ತದೆ. ಮೊದಲು ಸುಣ್ಣ ಬೆರೆಸಿ, ಆಮೇಲೆ ಮುಳುಗಿಸಿ.

ಮುಳುಗಿಸಲಾಗದಿದ್ದರೆ ಮಣ್ಣಿನ ಹೊದಿಕೆ. ಲಾರಿಯಿಂದ ಸುರಿದ ರಾಶಿಯ ಬದಿ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನಿಂತಿರುತ್ತದೆ, ಅದರ ಮೇಲೆ ಮಣ್ಣು ನಿಲ್ಲುವುದಿಲ್ಲ. ಮೊದಲು ಅದನ್ನು 3 ಅಡ್ಡಕ್ಕೆ 1 ಎತ್ತರದ ಇಳಿಜಾರಿಗೆ ಅಥವಾ ಅದಕ್ಕಿಂತ ಚಪ್ಪಟೆಯಾಗಿ ಇಳಿಸಿ. ಮಳೆ ಹೆಚ್ಚಿರುವ ಕಡೆ ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗೆ:

– ಸುಮಾರು 30 ಸೆಂ.ಮೀ. ದಪ್ಪ ಮರಳು ಅಥವಾ ಜಲ್ಲಿ. ಇದು ಕೆಳಗಿನ ಆಮ್ಲ ಮೇಲೇರುವುದನ್ನೂ, ಜೇಡಿಯ ತೇವ ಕೆಳಗೆ ಬಸಿಯುವುದನ್ನೂ ತಡೆಯುತ್ತದೆ. ಆಮ್ಲ ಬಿಡದ ಕಲ್ಲಿನದ್ದೇ ಆಗಬೇಕು.
– 50–60 ಸೆಂ.ಮೀ. ಜೇಡಿಮಣ್ಣು. 15–20 ಸೆಂ.ಮೀ. ಪದರ ಹಾಕುತ್ತ, ತುಸು ತೇವವಿರುವಾಗಲೇ ರೋಲರ್‌ನಿಂದ ಅದುಮಬೇಕು.
– ಮೇಲಿಂದ ಇಳಿದ ನೀರು ಪಕ್ಕಕ್ಕೆ ಹರಿಯಲು ಇನ್ನೊಂದು ಮರಳ ಪದರ.
– ಬೇರು ಬಿಡಲು 1 ಮೀಟರ್ ಅಥವಾ ಹೆಚ್ಚು ಮಣ್ಣು.

ಹೊದಿಕೆಯ ಜೀವ ಇರುವುದು ಜೇಡಿಯ ತೇವದಲ್ಲಿ. ಅದರ ರಂಧ್ರಗಳಲ್ಲಿ 85%ಕ್ಕಿಂತ ಹೆಚ್ಚು ನೀರು ತುಂಬಿದ್ದರೆ ಮಾತ್ರ ಆಮ್ಲಜನಕ ನಿಲ್ಲುತ್ತದೆ. ಒಣಗಿ ಬಿರುಕು ಬಿಟ್ಟ ಜೇಡಿಯಿಂದ ಗಾಳಿಗೂ ತಡೆಯಿಲ್ಲ, ನೀರಿಗೂ ತಡೆಯಿಲ್ಲ. ಆದ್ದರಿಂದ ಮೇಲಿನ ಮಣ್ಣಿನ ದಪ್ಪದಲ್ಲಿ ಉಳಿತಾಯ ಮಾಡಬೇಡಿ. ಒಣಸೀಮೆಗಳಲ್ಲಿ ಜೇಡಿ ನಂಬಿಕೆಗೆ ಅರ್ಹವಲ್ಲ. ಅಲ್ಲಿ ಮಳೆನೀರನ್ನು ಹಿಡಿದಿಟ್ಟು ಗಿಡಗಳ ಮೂಲಕ ಮತ್ತೆ ಗಾಳಿಗೆ ಬಿಡುವ ದಪ್ಪ ಮಣ್ಣಿನ ಹೊದಿಕೆಯೇ ಸರಿ.

ಗಣಿ ಇನ್ನೂ ನಡೆಯುತ್ತಿದ್ದರೆ ಕೆಟ್ಟ ಕಲ್ಲನ್ನು ಮೊದಲಿಂದಲೇ ಬೇರೆ ಹಾಕಿಸಿ. ಸುಣ್ಣಕಲ್ಲನ್ನು ಪದರ ಪದರವಾಗಿ ಹಾಕಿಸಿದರೆ ನೀರು ಆ ಪದರವನ್ನು ತಪ್ಪಿಸಿ ತನ್ನದೇ ದಾರಿ ಹಿಡಿಯುತ್ತದೆ. ಚೆನ್ನಾಗಿ ಬೆರೆಸಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

5. ಉಳಿದ ನೀರಿನ ಚಿಕಿತ್ಸೆ

ಪಿಎಚ್ ಒಂದನ್ನೇ ನೋಡಿ ಸುಣ್ಣ ಅಳೆಯಬೇಡಿ. ಕರಗಿದ ಲೋಹಗಳು ಹೂಳಾಗುವಾಗ ಮತ್ತೆ ಆಮ್ಲ ಬಿಡುತ್ತವೆ, ಅದೇ ದೊಡ್ಡ ಪಾಲು. ಲೆಕ್ಕ ನೋಡಿ. ಹರಿವು ಸೆಕೆಂಡಿಗೆ 5 ಲೀಟರ್, ಪಿಎಚ್ 3, ಲೀಟರಿಗೆ ಫೆರಸ್ ಕಬ್ಬಿಣ 100, ಅಲ್ಯೂಮಿನಿಯಂ 20, ಮ್ಯಾಂಗನೀಸ್ 10 ಮಿ.ಗ್ರಾಂ. ಸುಣ್ಣಕಲ್ಲಿನ ಲೆಕ್ಕದಲ್ಲಿ ಕಬ್ಬಿಣದಿಂದ 179, ಅಲ್ಯೂಮಿನಿಯಂನಿಂದ 111, ಮ್ಯಾಂಗನೀಸ್‌ನಿಂದ 18, ಪಿಎಚ್‌ನಿಂದ ಬರೀ 50. ಒಟ್ಟು ಲೀಟರಿಗೆ 358 ಮಿ.ಗ್ರಾಂ, ಅಂದರೆ ದಿನಕ್ಕೆ ಸುಮಾರು 155 ಕಿಲೋ ಹೊರೆ. ಅರಳಿಸಿದ ಸುಣ್ಣದ ಲೆಕ್ಕಕ್ಕೆ 0.74ರಿಂದ ಗುಣಿಸಿದರೆ 115 ಕಿಲೋ. ಸುಣ್ಣದ ಶುದ್ಧತೆ 90%, ಕರಗುವುದು 90% ಎಂದು ಹಿಡಿದರೆ ದಿನಕ್ಕೆ ಸುಮಾರು 140 ಕಿಲೋ. ಪಿಎಚ್ ಮಾತ್ರ ನೋಡಿದವರು ಇದರ ಏಳನೇ ಒಂದು ಪಾಲು ತರಿಸಿ, ಸುಣ್ಣವೇ ಸರಿಯಿಲ್ಲ ಎನ್ನುತ್ತಾರೆ.

*ಸುಣ್ಣದ ಸ್ಥಾವರ.* ಹರಿವು ಹೆಚ್ಚಿದ್ದರೆ, ತಾಮ್ರ, ಸತು ಇದ್ದರೆ ಇದೇ ದಾರಿ. ಸುಣ್ಣದ ಹಾಲು ಬೆರೆಸಿ, ಗಾಳಿ ಊದಿ, ಕೊಳದಲ್ಲಿ ಹೂಳು ಇಳಿಸುವುದು. ಫೆರಿಕ್ ಕಬ್ಬಿಣ ಪಿಎಚ್ 3.5ರ ಮೇಲೇ ಇಳಿಯುತ್ತದೆ, ಅಲ್ಯೂಮಿನಿಯಂ 5–7ರಲ್ಲಿ, ಸತುವಿಗೆ 9ರ ಆಸುಪಾಸು ಬೇಕು, ಮ್ಯಾಂಗನೀಸ್‌ಗೆ 10ರ ಹತ್ತಿರ. ಮ್ಯಾಂಗನೀಸ್ ಬೆನ್ನು ಹತ್ತಿ ಪಿಎಚ್ ಏರಿಸಿದರೆ ಇಳಿದಿದ್ದ ಅಲ್ಯೂಮಿನಿಯಂ ಮತ್ತೆ ಕರಗುತ್ತದೆ. ಅಂಥಲ್ಲಿ ಎರಡು ಹಂತದ ಕೊಳ ಬೇಕು. 1 ಮಿ.ಗ್ರಾಂ ಆಮ್ಲಜನಕ ಸುಮಾರು 7 ಮಿ.ಗ್ರಾಂ ಫೆರಸ್ ಕಬ್ಬಿಣಕ್ಕೆ ಸಾಕು. ನೀರು ಮೆಟ್ಟಿಲಿಳಿದು ಒಮ್ಮೆ ಗಾಳಿ ತುಂಬಿಕೊಂಡರೆ ಲೀಟರಿಗೆ 50 ಮಿ.ಗ್ರಾಂ ಕಬ್ಬಿಣ ತೆಗೆದೀತು. ಅದಕ್ಕಿಂತ ಹೆಚ್ಚಿದ್ದರೆ ನಡುವೆ ಕೊಳ ಬಿಟ್ಟು ಮತ್ತೆ ಮೆಟ್ಟಿಲು, ಇಲ್ಲವೇ ಬ್ಲೋವರ್.

ಸುಣ್ಣದ ಸ್ಥಾವರಗಳು ಸೋಲುವುದು ಹೆಚ್ಚಾಗಿ ಕೆಸರಿನ ವಿಷಯದಲ್ಲಿ. ಸಾಮಾನ್ಯ ವಿಧಾನದ ಕೆಸರಿನಲ್ಲಿ ಗಟ್ಟಿ ಪದಾರ್ಥ 2–5% ಮಾತ್ರ, ಉಳಿದದ್ದೆಲ್ಲ ನೀರು. ಕೊಳ ಬೇಗ ತುಂಬುತ್ತದೆ. ಇಳಿದ ಕೆಸರಿನ ಒಂದು ಪಾಲನ್ನು ಹಿಂದಕ್ಕೆ ತಂದು ಸುಣ್ಣದ ಜೊತೆ ಬೆರೆಸಿ ಮತ್ತೆ ಬಿಟ್ಟರೆ ಕಣಗಳು ದಪ್ಪವಾಗಿ 20%ಕ್ಕೂ ಹೆಚ್ಚು ಗಟ್ಟಿಯಾಗುತ್ತವೆ. ತೆಗೆದ ಕೆಸರನ್ನು ಆಮ್ಲ ಬಿಡುವ ರಾಶಿಯ ಮೇಲೆ ಸುರಿಯಬೇಡಿ, ಲೋಹ ಮತ್ತೆ ಕರಗುತ್ತದೆ. ಪಿಎಚ್ ಮೀಟರಿನ ಕಡ್ಡಿಗೆ ಜಿಪ್ಸಂ ಕಟ್ಟಿಕೊಂಡು ಸುಳ್ಳು ಅಂಕಿ ತೋರಿಸುತ್ತದೆ, ವಾರಕ್ಕೊಮ್ಮೆಯಾದರೂ ದುರ್ಬಲ ಆಮ್ಲದಲ್ಲಿ ತೊಳೆಯಿರಿ. ಸುಣ್ಣ ಮುಟ್ಟುವವರಿಗೆ ಕನ್ನಡಕ, ಕೈಗವಸು ಕಡ್ಡಾಯ.

*ಯಂತ್ರವಿಲ್ಲದ ವಿಧಾನಗಳು.* ಹರಿವು ಚಿಕ್ಕದಿದ್ದು, ಜಾಗ ಧಾರಾಳವಿದ್ದರೆ ಇವು ನಡೆಯುತ್ತವೆ. ಯಾವುದನ್ನು ಆರಿಸಬೇಕೆಂದು ನೀರೇ ಹೇಳುತ್ತದೆ.

ಮಣ್ಣಿನಡಿ ಹೂತ ಸುಣ್ಣಕಲ್ಲಿನ ಚರಂಡಿ ಅಗ್ಗದ್ದು. ಗಾಳಿ ತಾಗದಂತೆ ನೀರು ಸುಮಾರು 15 ಗಂಟೆ ಕಲ್ಲಿನ ನಡುವೆ ಹರಿಯಬೇಕು. ಆದರೆ ಕರಗಿದ ಆಮ್ಲಜನಕ, ಫೆರಿಕ್ ಕಬ್ಬಿಣ, ಅಲ್ಯೂಮಿನಿಯಂ ಮೂರೂ ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆ ಇರಬೇಕು. ಇಲ್ಲವಾದರೆ ಕಬ್ಬಿಣ ಕಲ್ಲಿನ ಮೈಗೆ ತೊಗಟೆ ಕಟ್ಟುತ್ತದೆ, ಅಲ್ಯೂಮಿನಿಯಂ ಸಂದು ಮುಚ್ಚುತ್ತದೆ. ಮೇಲಿನ ಉದಾಹರಣೆಯಲ್ಲಿ ಅಲ್ಯೂಮಿನಿಯಂ 20 ಇರುವುದರಿಂದ ಈ ಚರಂಡಿಯ ಮಾತೇ ಇಲ್ಲ.

ಅಂಥ ನೀರಿಗೆ ಮೇಲಿಂದ ಕೆಳಕ್ಕೆ ಹರಿಯುವ ಕೊಳ. ತಳದಲ್ಲಿ ತೂತಿನ ಪೈಪು, ಅದರ ಮೇಲೆ 60–90 ಸೆಂ.ಮೀ. ಸುಣ್ಣಕಲ್ಲು, ಮೇಲೆ 15–60 ಸೆಂ.ಮೀ. ಕಾಂಪೋಸ್ಟ್, ಅದರ ಮೇಲೆ ಒಂದು ಮೀಟರಿಗೂ ಹೆಚ್ಚು ನೀರು. ಕಾಂಪೋಸ್ಟ್ ಆಮ್ಲಜನಕ ಹೀರಿ ಫೆರಿಕ್ಕನ್ನು ಫೆರಸ್ ಮಾಡುತ್ತದೆ, ಸುಣ್ಣಕಲ್ಲಿಗೆ ತೊಗಟೆ ಕಟ್ಟುವುದಿಲ್ಲ. ಚದರ ಮೀಟರಿಗೆ ದಿನಕ್ಕೆ 25 ಗ್ರಾಂ ಆಮ್ಲದ ಹೊರೆ ಎಂದರೆ 155 ಕಿಲೋಗೆ 6,200 ಚದರ ಮೀಟರ್ ಬೇಕು. ಪೈಪಿನ ತುದಿಗೆ ದೊಡ್ಡ ವಾಲ್ವ್ ಇಟ್ಟು ಆಗಾಗ ಜೋರಾಗಿ ಹರಿಸಿ ಅಲ್ಯೂಮಿನಿಯಂ ಹೂಳನ್ನು ತೊಳೆಯಬೇಕು. ಕೆಳಗೆ ಹೂಳಿಳಿಸುವ ಕೊಳ ಕಡ್ಡಾಯ. ಈ ಕೊಳಗಳಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರಬಹುದು. ಅದು ಹೆಚ್ಚಾದಾಗ ಮೂಗಿಗೆ ಗೊತ್ತೇ ಆಗುವುದಿಲ್ಲ, ವಾಲ್ವ್ ಗುಂಡಿಗೆ ಮೀಟರ್ ಇಲ್ಲದೆ ಇಳಿಯಬೇಡಿ.

ಜೊಂಡು ಬೆಳೆದ ಆಳವಿಲ್ಲದ ಜೌಗು ಕೊಳ ನೋಡಲು ಚೆಂದ, ಆದರೆ ಅದು ಆಮ್ಲ ತಣಿಸುವುದಿಲ್ಲ. ಆಮ್ಲ ಮೊದಲೇ ತಣಿದ ನೀರಿನಲ್ಲಿ ಉಳಿದ ಕಬ್ಬಿಣ ಇಳಿಸಲು, ಚದರ ಮೀಟರಿಗೆ ದಿನಕ್ಕೆ 10–20 ಗ್ರಾಂ ಲೆಕ್ಕದಲ್ಲಿ, ಕೊನೆಯಲ್ಲಿ ಕಟ್ಟಿ.

6. ನೆಲ, ಗಿಡ

ಗಂಧಕ ಕಡಿಮೆಯಿರುವ ಜಾಗದಲ್ಲಿ ಹೊದಿಕೆಯಿಲ್ಲದೆ ಸುಣ್ಣ ಬೆರೆಸಿಯೇ ಹಸಿರು ಮಾಡಬಹುದು. 0.5% ಗಂಧಕವಿದ್ದರೆ ಟನ್ನಿಗೆ 15.6 ಕಿಲೋ, ಕಾಲುಪಾಲು ಹೆಚ್ಚುವರಿ ಸೇರಿಸಿ 19.5 ಕಿಲೋ. ಒಂದು ಹೆಕ್ಟೇರಿನಲ್ಲಿ 30 ಸೆಂ.ಮೀ. ಆಳದ ಮಣ್ಣು ಸುಮಾರು 4,500 ಟನ್, ಅದಕ್ಕೆ 88 ಟನ್ ಸುಣ್ಣಕಲ್ಲಿನ ಪುಡಿ. ಗಂಧಕ 2% ಇದ್ದರೆ ಇದರ ನಾಲ್ಕು ಪಟ್ಟು. ಅಲ್ಲಿ ಹೊದಿಕೆಯೇ ವಾಸಿ. ಪುಡಿ ನುಣ್ಣಗಿರಬೇಕು, ದಪ್ಪ ಕಾಳಿಗೆ ತೊಗಟೆ ಕಟ್ಟಿ ಒಳಗಿನದು ವ್ಯರ್ಥ. ಮೇಲೆ ಚೆಲ್ಲಿದರೆ ಸಾಲದು, 30 ಸೆಂ.ಮೀ. ಆಳಕ್ಕೂ ಉತ್ತು ಬೆರೆಸಿ. ಜೊತೆಗೆ ಕಾಂಪೋಸ್ಟ್ ಹಾಕಿ; ಗಣಿ ತ್ಯಾಜ್ಯದಲ್ಲಿ ಸಾರಜನಕ, ರಂಜಕ ಇಲ್ಲವೆಂದೇ ಹೇಳಬೇಕು.

ಗಣಿ ಶುರುವಾಗುವಾಗ ತೆಗೆದ ಮೇಲ್ಮಣ್ಣಿದ್ದರೆ ಅದೇ ಬಂಗಾರ. ಆದರೆ 2 ಮೀಟರಿಗಿಂತ ಎತ್ತರ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಜೀವ ಸಾಯುತ್ತದೆ.

ಮೊದಲು ಹುಲ್ಲು. ಮಣ್ಣು ಹಿಡಿಯುವುದು ಅದರ ಕೆಲಸ. ದ್ವಿದಳ ಗಿಡಗಳು ಮಣ್ಣಿನ ಪಿಎಚ್ 6ರ ಹತ್ತಿರ ಬಂದ ಮೇಲೆ ಬರಲಿ, ಅವುಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳಿಗೆ ಆಮ್ಲ ಆಗದು. ಬೀಜವನ್ನು ಅದೇ ಸೀಮೆಯ ಗಿಡಗಳಿಂದ ಆರಿಸಿ, ವೇಗವಾಗಿ ಹರಡುವ ಪರದೇಶಿ ಜಾತಿ ತಂದು ಇನ್ನೊಂದು ಪೀಡೆ ಮಾಡಿಕೊಳ್ಳಬೇಡಿ. ಜೇಡಿ ಹೊದಿಕೆಯ ಮೇಲೆ ಆಳ ಬೇರಿನ ಮರ ಬೇಡ. ಕೆಲವು ಮರಗಳು, ಮುಖ್ಯವಾಗಿ ವಿಲೋ ಮತ್ತು ಪಾಪ್ಲರ್, ಸತುವನ್ನೂ ಕ್ಯಾಡ್ಮಿಯಂ ಅನ್ನೂ ಎಲೆಗೆ ಎಳೆಯುತ್ತವೆ. ಎಲೆ, ಹುಲ್ಲಿನ ಪರೀಕ್ಷೆ ಆಗುವವರೆಗೆ ದನ ಬಿಡಬೇಡಿ.

7. ನಿಗಾ

ಹೊದಿಕೆ ಮುಗಿದ ಮರುವರ್ಷವೂ ಬುಡದಿಂದ ಆಮ್ಲ ಬರುತ್ತಿದ್ದರೆ ಗಾಬರಿಯಾಗಬೇಡಿ. ರಾಶಿಯೊಳಗೆ ಆಗಲೇ ತುಂಬಿದ ನೀರು ಬಸಿದುಹೋಗಲು ವರ್ಷಗಳೇ ಹಿಡಿಯುತ್ತವೆ. ಹೊದಿಕೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರಡಿಯ ಆಮ್ಲಜನಕ ಮತ್ತು ತಾಪಮಾನ ಅಳೆಯಿರಿ. ಪೈರೈಟ್ ಕೊಳೆಯುವಾಗ ಬಿಸಿ ಬಿಡುತ್ತದೆ. ಹೊದಿಕೆ ಹಿಡಿದಿದ್ದರೆ ಎರಡೂ ಇಳಿಯುತ್ತ ಬರಬೇಕು.

ನೀರಿನಲ್ಲಿ ಮೊದಲ ಎಚ್ಚರಿಕೆ ಕೊಡುವುದು ಸಲ್ಫೇಟ್. ಕಲ್ಲಿನಲ್ಲಿರುವ ಸುಣ್ಣದ ಅಂಶ ತೀರುವವರೆಗೆ ಪಿಎಚ್ 7ರಲ್ಲೇ ನಿಂತಿರುತ್ತದೆ, ಲೋಹವೂ ಕಾಣುವುದಿಲ್ಲ. ಆದರೆ ಸಲ್ಫೇಟ್ ಏರುತ್ತಿದ್ದರೆ ಒಳಗೆ ಪೈರೈಟ್ ಕೊಳೆಯುತ್ತಿದೆ ಎಂದೇ ಅರ್ಥ. ಪಿಎಚ್ ಚೆನ್ನಾಗಿದೆ ಎಂದು ಅಳತೆ ನಿಲ್ಲಿಸುವವರು ಈ ಎಚ್ಚರಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಪ್ರತಿ ದೊಡ್ಡ ಮಳೆಯ ನಂತರ ಹೊದಿಕೆಯ ಮೇಲೆ ನಡೆದು ಕೊರಕಲು, ಕುಸಿತ, ಬಿಲ, ತಾನೇ ಹುಟ್ಟಿದ ಮರ ನೋಡಿ. ಕೊರಕಲು ಜೇಡಿಗೆ ಮುಟ್ಟುವ ಮೊದಲೇ ಮುಚ್ಚಿ. ಅಡ್ಡಗಾಲುವೆಯ ಹೂಳು ಮಳೆಗಾಲಕ್ಕೆ ಮುಂಚೆ ತೆಗೆಸಿ. ಸುಣ್ಣಕಲ್ಲಿನ ಕೊಳದ ಒಳಬರುವ ಮತ್ತು ಹೊರಹೋಗುವ ನೀರಿನ ಮಟ್ಟದ ಅಂತರ ಬರೆದಿಡಿ. ಅಂತರ ಏರುತ್ತ ಹೋದರೆ ಕೊಳ ಕಟ್ಟಿಕೊಳ್ಳುತ್ತಿದೆ, ವಾಲ್ವ್ ತೆರೆದು ತೊಳೆಯುವ ಹೊತ್ತಾಗಿದೆ. ಆ ವಾಲ್ವ್ ಎಲ್ಲಿದೆ, ಎಷ್ಟು ಸುತ್ತು ತೆರೆಯಬೇಕು, ತೊಳೆದ ನೀರು ಎಲ್ಲಿ ಹೋಗಬೇಕು ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿ, ಸ್ಥಳದಲ್ಲೇ ಫಲಕ ಹಾಕಿಸಿ.